ಎರಡನೆಯ ಕಂಬ ಮತ್ತು ನನ್ನ ಸೈಕಲ್ಲಿನ ಹ್ಯಾಂಡಲ್

ಮೊದಲು ಮಡ್‌ಗಾರ್ಡ್ ಬಿಚ್ಚಿಡಿ. ನದಿಯ ನೀರು ಅಳೆಯುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಆಫೀಸು ಕೊಡುವ ಸೂಚನೆಗಳ ಹಾಳೆಯಲ್ಲಿ ಹದಿನಾಲ್ಕು ಅಂಶಗಳಿವೆ. ಇದು ಅವುಗಳಲ್ಲಿ ಇಲ್ಲ. ಭಾಲ್ಕಿಯಿಂದ ಔರಾದ್ ಕಡೆಗೆ ಹೋಗುವ ಡಾಂಬರು ರಸ್ತೆ ಬಿಟ್ಟು ಮಾಂಜ್ರಾ ನದಿಯ ದಂಡೆಗೆ ಇಳಿಯುವ ದಾರಿಯೆಲ್ಲ ಎರೆಮಣ್ಣು. ಒಂದು ಮಳೆ ಬಿದ್ದರೆ ಸಾಕು, ಆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಸೇರಿಕೊಂಡು ಇಟ್ಟಿಗೆಯಾಗುತ್ತದೆ. ಆಮೇಲೆ ನೀವು ಸೈಕಲ್ಲಿನ ಮೇಲೆ ಹೋಗುವುದಿಲ್ಲ, ಸೈಕಲ್ ನಿಮ್ಮ ಹೆಗಲ ಮೇಲೆ ಬರುತ್ತದೆ. ಬಿಚ್ಚಿಟ್ಟರೆ ಬೆನ್ನಿಗೆ ಕೆಸರು ಸಿಡಿಯುತ್ತದೆ, ನಿಜ. ಅದಕ್ಕೆಂದೇ ನಾನು ಇಪ್ಪತ್ತು ಮಳೆಗಾಲ ಒಂದೇ ಕಂದು ಸೀರೆ ಉಟ್ಟೆ.

ಜನ ನನ್ನನ್ನು ಈಗಲೂ ಗೃಹಿಣಿ ಎಂದೇ ಹೇಳುತ್ತಾರೆ. ನಿವೃತ್ತಿಯ ಕಾಗದ ತುಂಬುವಾಗ ಆಫೀಸಿನ ಗುಮಾಸ್ತರು ಕೂಡ ಉದ್ಯೋಗ ಎಂಬಲ್ಲಿ ಹಾಗೆಯೇ ಬರೆದು, ನಾನು ನೋಡುತ್ತಿದ್ದೇನೆಂದು ತಿಳಿದ ಮೇಲೆ ಹೊಡೆದುಹಾಕಿದರು. ತಪ್ಪೇನಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಚಹಾ ಸೋಸಿ, ಹಿಟ್ಟು ನಾದಿ ಮುಚ್ಚಿಟ್ಟು, ಐದೂವರೆಗೆ ಸೈಕಲ್ ಹತ್ತಿ, ಆರಕ್ಕೆ ನೀರು ನೋಡಿ, ಎಂಟಕ್ಕೆ ಬಂದು ರೊಟ್ಟಿ ಬಡಿಯುತ್ತಿದ್ದೆ. ಆ ನಡುವಿನ ಎರಡೂವರೆ ತಾಸಿನ ಕಥೆ ಇದು.

ಈ ಕೆಲಸ ಮೊದಲು ನನ್ನ ಮಾವನವರದು. ನಾನು ಬೀದರಿನ ಕಾನ್ವೆಂಟ್ ಶಾಲೆಯಲ್ಲಿ ಕಲಿತವಳು. ನನ್ನ ಅಕ್ಷರ ದುಂಡಗಿತ್ತು. ಸೊಸೆಯಾಗಿ ಬಂದ ಮೊದಲ ವಾರವೇ ಮಾವ ರಿಜಿಸ್ಟರ್ ನನ್ನ ಮುಂದೆ ಇಟ್ಟು, "ನಿನ್ನ ಅಕ್ಷರದಾಗ ಬರಿ ತಾಯಿ. ನಾ ಬರ್ದದ್ದು ನನಗೇ ತಿಳಿಯಂಗಿಲ್ಲ" ಎಂದರು. ಅವರ ಮೊಣಕಾಲು ಕೈಕೊಟ್ಟ ಮೇಲೆ ಬರೆಯುವುದರ ಜೊತೆಗೆ ಹೋಗುವುದೂ ನನ್ನ ಪಾಲಿಗೆ ಬಂತು. ಸೈಕಲ್ ಹೊಡೆಯುವುದನ್ನು ನನಗೆ ಶಾಲೆಯ ಮೈದಾನದಲ್ಲಿ ಕಲಿಸಿದ್ದು ಕರಾವಳಿಯ ಕಡೆಯಿಂದ ಬಂದಿದ್ದ ಒಬ್ಬ ಸಿಸ್ಟರ್. ತಮ್ಮ ಊರಿನಲ್ಲಿ ಬೆಳಗಿನ ಜಾವ ಸಮುದ್ರದ ದಂಡೆಗುಂಟ ಸೈಕಲ್ ಮೇಲೆ ಚರ್ಚಿನ ಪೂಜೆಗೆ ಹೋಗುತ್ತಿದ್ದೆವೆಂದೂ, ದಿನಕ್ಕೆರಡು ಸಲ ನೀರು ತಾನಾಗಿ ಏರಿ ತಾನಾಗಿ ಇಳಿಯುತ್ತಿತ್ತೆಂದೂ ಹೇಳುತ್ತಿದ್ದರು. ಬೀದರಿನ ಕೆಂಪು ಮುರ್ರಂ ಮೈದಾನದಲ್ಲಿ ನಿಂತು ನಾವು ಬಾಯಿ ತೆರೆದು ಕೇಳುತ್ತಿದ್ದೆವು. ಆ ಉಬ್ಬರವಿಳಿತ ನನ್ನ ಕೆಲಸದಲ್ಲಿ ಮುಂದೆ ಬರುತ್ತದೆ. ಸಮುದ್ರದಿಂದ ಬಂದದ್ದಲ್ಲ, ಆಫೀಸಿನಿಂದ.

ಕೆಲಸ ಹೇಳಿಕೊಳ್ಳುವಂಥದ್ದೇನೂ ಅಲ್ಲ. ದಂಡೆಯ ಇಳಿಜಾರಿನಲ್ಲಿ ಎರಡು ಕಬ್ಬಿಣದ ಕಂಬ. ಕೆಳಗಿನದರ ಮೇಲೆ ಸೊನ್ನೆಯಿಂದ ಎರಡು ಮೀಟರಿನವರೆಗೆ ಗೆರೆಗಳು. ಅದು ಮುಳುಗುವ ಮಟ್ಟದಲ್ಲಿ ಎರಡನೆಯ ಕಂಬದ ಗೆರೆಗಳು ಶುರುವಾಗಿ ನಾಲ್ಕರವರೆಗೆ ಹೋಗುತ್ತವೆ. ಮೂರರ ಗೆರೆ ಕೆಂಪು. ಅಲ್ಲಿಗೆ ನೀರು ಬಂದರೆ ಅಪಾಯ. ನೀರು ಯಾವ ಗೆರೆಗಿದೆ ಎಂದು ನೋಡಬೇಕು, ಬರೆಯಬೇಕು, ಹುಣಸೆ ಮರದ ದಿಬ್ಬ ಹತ್ತಿ ಭಾಲ್ಕಿ ಆಫೀಸಿಗೆ ಫೋನ್ ಮಾಡಬೇಕು. ಕಂಬದ ಹತ್ತಿರ ನೆಟ್‌ವರ್ಕ್ ಇಲ್ಲ. ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಈಗ ಕಂಬದ ಫೋಟೋವನ್ನು ಅಲ್ಲಿಂದಲೇ ಕಳಿಸಬೇಕೆಂಬ ನಿಯಮ ಮಾಡಿದ್ದಾರೆ. ಯಾರು ಮಾಡಿದರೋ, ಅವರು ಒಮ್ಮೆ ಬಂದು ಕಳಿಸಿ ತೋರಿಸಲಿ.

ಆಫೀಸು ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿತ್ತು. ಕಂಬದಿಂದ ಒಂದು ಮೈಲಿ ಕೆಳಗೆ ನದಿ ಹೊರಳುವಲ್ಲಿ ತಗ್ಗಿನ ಹೊಲಗಳಿವೆ. ಹಿಂಗಾರಿ ಜೋಳಕ್ಕೆಂದು ಮಳೆಗಾಲದಲ್ಲಿ ಖಾಲಿ ಬಿಟ್ಟ ಹೊಲಗಳು. ಕುರುಬರ ಬೀರಪ್ಪ, ಅವನ ಹೆಂಡತಿ ಮಾಳವ್ವ ತಮ್ಮ ಹಿಂಡನ್ನು ಅಲ್ಲಿ ತರಬುತ್ತಿದ್ದರು. ಅಂದರೆ ಗೊಬ್ಬರ ಬೀಳಲೆಂದು ಹೊಲದವರು ಕರೆದು ಇಷ್ಟು ರಾತ್ರಿ ಎಂದು ಗೊತ್ತುಮಾಡಿ ಕುರಿ ನಿಲ್ಲಿಸಿಕೊಳ್ಳುವುದು. ಮಾವ ಮನೆಗೆ ಮರಳುವಾಗ ಆ ಹೊಲದ ಮೇಲಿನ ಏರಿಯಿಂದ ಹೋಗುತ್ತಿದ್ದರು. ನೀರು ಏರುತ್ತಿದ್ದರೆ ಸೈಕಲ್ಲಿನ ಗಂಟೆಯನ್ನು ಮೂರು ಸಲ ಉದ್ದಕ್ಕೆ ಬಾರಿಸುತ್ತಿದ್ದರು. ಏರದಿದ್ದರೆ ಸುಮ್ಮನೆ ಹೋಗುತ್ತಿದ್ದರು. ನಾನೂ ಹಾಗೆಯೇ ಮಾಡಿದೆ.

ಎರಡನೆಯ ವರ್ಷ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದು ಬರೆದು ಉಪಯೋಗವಿಲ್ಲ. ಅಂದು ಬಸುರಿ ನಾದಿನಿಗೆ ಕುಪ್ಪಸದ ಕಾರ್ಯ. ಮನೆ ತುಂಬ ಜನ, ಒಲೆಯ ಮೇಲೆ ಹೂರಣ. ಹಿಂದಿನ ನಾಲ್ಕು ದಿನ ನೀರು ಒಂದೇ ಗೆರೆಗಿತ್ತು. ಭಾಲ್ಕಿಯ ಆಗಿನ ಸಾಹೇಬರು ನನಗೆ ಮೊದಲೇ ಒಂದು ಬುದ್ಧಿ ಹೇಳಿದ್ದರು: "ದಿನಾ ಹೋಗಿ ಏನ್ ನೋಡ್ತೀರಿ ಬಾಯಿಯವ್ರ? ನೀರು ಎಲ್ಲಿಗೂ ಓಡಿ ಹೋಗಂಗಿಲ್ಲ. ಎಲ್ಲರೂ ಮನಿಯಾಗ ಕೂತೇ ಬರಿತಾರ." ನಾನು ಅಡುಗೆಮನೆಯಲ್ಲಿ ಕೂತು, ನಿನ್ನೆಯ ಅಂಕಿಯನ್ನೇ ನನ್ನ ದುಂಡಗಿನ ಅಕ್ಷರದಲ್ಲಿ ಬರೆದೆ. ಹೂರಣದ ಒಂದು ಬೆರಳಚ್ಚು ಆ ಹಾಳೆಯ ಅಂಚಿಗೆ ಈಗಲೂ ಇದೆ.

ಆ ಬೆಳಿಗ್ಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ದೊಡ್ಡ ಕುರಿಗಳು ತಾವೇ ಏರಿ ಹತ್ತಿದವು. ಬಲೆಯೊಳಗೆ ಬೇರೆ ಹಾಕಿದ್ದ ಮರಿಗಳಿಗೆ ಹತ್ತಲಾಗಲಿಲ್ಲ. ಏಳು ಮರಿ.

ಮರುದಿನ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳಬೇಡವೆಂದು ಮನೆಯಲ್ಲಿ ತಡೆದಿದ್ದರು. ಬೀರಪ್ಪ ಕಂಬಳಿ ಕೊಡವುತ್ತ ನಿಂತನು, ನನ್ನ ಮುಖ ನೋಡಲಿಲ್ಲ. ಮಾತಾಡಿದ್ದು ಮಾಳವ್ವ.

"ಅಕ್ಕಾ, ಮನಿಯಾಗ ಕಾರ್ಯ ಇತ್ತು, ಬರಲಿಲ್ಲ. ಅದು ಇರ್ಲಿ. ನೀವು ಬಂದಿಲ್ಲ ಅಂಬೋದು ನಮಗ ಹ್ಯಾಂಗ ತಿಳೀಬೇಕು? ಗಂಟಿ ಕೇಳಲಿಲ್ಲ, ನೀರು ಇದ್ದಲ್ಲೇ ಅದ ಅಂತ ಮಕ್ಕೊಂಡೆವು."

ಮೂವತ್ತು ವರ್ಷ ಮಾವ ನಡೆಸಿಕೊಂಡು ಬಂದಿದ್ದ ಪದ್ಧತಿಯಲ್ಲಿದ್ದ ತೂತನ್ನು ಶಾಲೆಯ ಮುಖ ನೋಡದ ಹೆಂಗಸು ಒಂದೇ ಮಾತಿನಲ್ಲಿ ತೋರಿಸಿದಳು. ಅಂದಿನಿಂದ ನಿಯಮ ಬದಲಾಯಿತು. ನೀರು ಇದ್ದಲ್ಲೇ ಇದ್ದರೆ ಗಂಟೆ ಒಂದು ಸಲ. ಏರಿದರೆ ಮೂರು. ಏನೂ ಕೇಳದಿದ್ದರೆ, ನಾನು ಬಂದಿಲ್ಲ ಎಂದರ್ಥ. ಆಗ ಕುರಿಗಳನ್ನು ಏರಿಯ ಮೇಲಕ್ಕೆ ಹೊಡೆದುಕೊಂಡು ಹೋಗುವುದು. ಆಮೇಲೆ ಜ್ವರ ಬಂದಾಗಲೂ, ಮಗಳ ಪರೀಕ್ಷೆ ಇದ್ದಾಗಲೂ ಹೋದೆ. ಭಕ್ತಿಯಿಂದ ಹೋದೆನೆಂದು ತಿಳಿಯಬೇಡಿ. ಎಷ್ಟೋ ದಿನ ಗೊಣಗುತ್ತಲೇ ಹೋದೆ. ಬೀರಪ್ಪನ ನಾಯಿ ಹದಿನೈದು ವರ್ಷ ನನ್ನನ್ನು ದಿನವೂ ನೋಡಿ, ದಿನವೂ ನನ್ನ ಹಿಂದಿನ ಗಾಲಿ ಕಚ್ಚಲು ಬರುತ್ತಿತ್ತು. ಸೋಯಾ ಹೊಲದಂಚಿನ ಚಿಗರಿ ಜಿಂಕೆಗಳಿಗೆ ನನ್ನ ಗುರುತು ಹತ್ತಿತ್ತು, ಆ ನಾಯಿಗೆ ಹತ್ತಲಿಲ್ಲ.

ಇನ್ನು ಉಬ್ಬರವಿಳಿತ. ಒಂದು ವರ್ಷ ಹೊಸ ಛಾಪಿಸಿದ ರಿಜಿಸ್ಟರ್ ಬಂತು. ಯಾವುದೋ ಸಮುದ್ರದ ಕಡೆಯ ನಮೂನೆಯನ್ನು ಇಡೀ ರಾಜ್ಯಕ್ಕೆ ಛಾಪಿಸಿದ್ದರೆಂದು ಕಾಣುತ್ತದೆ. ದಿನಾಂಕ, ವೇಳೆ, ನೀರಿನ ಮಟ್ಟ, ನಾಲ್ಕನೆಯ ಕಾಲಂ: ಉಬ್ಬರ / ಇಳಿತ. ನಾನು ಅದನ್ನು ಖಾಲಿ ಬಿಟ್ಟೆ. ತಿಂಗಳ ಕೊನೆಗೆ ರಿಜಿಸ್ಟರ್ ವಾಪಸು ಬಂತು, 'ಅಪೂರ್ಣ' ಎಂದು ಕೆಂಪು ಶಾಯಿಯಲ್ಲಿ ಬರೆದುಕೊಂಡು. ಭಾಲ್ಕಿಗೆ ಹೋಗಿ ಸಿಸ್ಟರ್ ಕಲಿಸಿದ ವಿನಯದಲ್ಲೇ ಸಾಹೇಬರನ್ನು ಕೇಳಿದೆ.

"ಸಾರ್, ನಮ್ಮಲ್ಲಿ ಸಮುದ್ರ ಇಲ್ಲ."

"ಅದು ನನಗೂ ಗೊತ್ತದರಿ. ಕಾಲಂ ಅದ ಅಲ್ಲ? ಖಾಲಿ ಬಿಡಂಗಿಲ್ಲ."

"ಏನು ಬರೀಲಿ ಸಾರ್?"

"ಇಲ್ಲ ಅಂತ ಬರೀರಿ."

ವರ್ಷಗಟ್ಟಲೆ ದಿನಾ ಬೆಳಿಗ್ಗೆ ಮಾಂಜ್ರಾ ದಂಡೆಯಲ್ಲಿ ಕೂತು, ಸಮುದ್ರ ಬಂದಿಲ್ಲವೆಂದು ಸರ್ಕಾರಕ್ಕೆ ತಿಳಿಸಿದೆ.

ಈಗ ಕಂಬದ ವಿಷಯ. ನಿವೃತ್ತಿಗೆ ಮೂರು ವರ್ಷವಿದ್ದಾಗ, ಬೇಸಿಗೆಯಲ್ಲಿ ನಾನು ಮಗಳ ಬಾಣಂತನಕ್ಕೆಂದು ಬೀದರಿನಲ್ಲಿ ಹದಿನೈದು ದಿನ ಇದ್ದಾಗ, ಕಂಬಗಳನ್ನು ಕಿತ್ತು ಹೊಸ ಬಣ್ಣ ಹೊಡೆದು ಮತ್ತೆ ನೆಟ್ಟರು. ಮರಳಿ ಬಂದು ನೋಡಿದೆ. ಹಳದಿ ಬಣ್ಣ, ಕಪ್ಪು ಅಂಕಿ, ಮದುಮಕ್ಕಳ ಹಾಗೆ ನಿಂತಿದ್ದವು. ಸಂತೋಷದಿಂದ ಎಂದಿನಂತೆ ಸೈಕಲ್ಲನ್ನು ಎರಡನೆಯ ಕಂಬಕ್ಕೆ ಒರಗಿಸಿ ರಿಜಿಸ್ಟರ್ ತೆಗೆದೆ. ಏನೋ ಸರಿಯಿಲ್ಲ ಅನ್ನಿಸಿತು. ದೇವರ ಮನೆಯಲ್ಲಿ ಒಂದು ಫೋಟೋ ಓರೆಯಾಗಿದ್ದರೆ ಅನ್ನಿಸುತ್ತದಲ್ಲ, ಹಾಗೆ. ಎರಡು ಸಲ ಅತ್ತಿತ್ತ ನೋಡಿದ ಮೇಲೆ ತಿಳಿಯಿತು. ಅಷ್ಟು ವರ್ಷ ನನ್ನ ಸೈಕಲ್ಲಿನ ಹ್ಯಾಂಡಲ್ ಆ ಕಂಬದ ಮೂರರ ಗೆರೆಗೆ, ಕೆಂಪು ಗೆರೆಗೆ ಸರಿಯಾಗಿ ಒರಗುತ್ತಿತ್ತು. ಹಿಡಿಕೆಯ ಕಪ್ಪು ರಬ್ಬರು ಉಜ್ಜಿ ಅಲ್ಲಿನ ಬಣ್ಣವೇ ಹೋಗಿತ್ತು. ಈಗ ಹ್ಯಾಂಡಲ್ ಇದ್ದದ್ದು ಎರಡೂವರೆಗೆ.

ನೆಲ ಅದೇ, ಸೈಕಲ್ ಅದೇ. ಹಾಗಾದರೆ ಕಂಬವೇ ಅರ್ಧ ಮೀಟರು ಮೇಲೆ ನಿಂತಿದೆ. ಬುಡದಲ್ಲಿ ಮಣ್ಣು ಕೆದಕಿದೆ. ಹಳೆಯ ಕುಳಿಯ ಪಕ್ಕಕ್ಕೇ ಹೊಸದು ತೋಡಿದ್ದಾರೆ, ಕೆಳಗೆ ಕರಿಕಲ್ಲು ಸಿಕ್ಕಿದೆ. ಅಗೆಯಲಾರದೆ ಅಷ್ಟಕ್ಕೇ ಸಿಮೆಂಟು ಹಾಕಿ ಹೋಗಿದ್ದಾರೆ. ಮೊದಲ ಕಂಬ ಮಾತ್ರ ಸರಿಯಾಗಿತ್ತು. ಇದರ ಅರ್ಥ ನೋಡಿ: ನೀರು ನಿಜವಾಗಿ ಮೂರು ಮೀಟರಿಗೆ, ಅಪಾಯದ ಮಟ್ಟಕ್ಕೆ ಬಂದಾಗ ಕಂಬ ಎರಡೂವರೆ ಎನ್ನುತ್ತದೆ. ತಗ್ಗಿನ ಹೊಲದಲ್ಲಿ ಕುರಿ ಮಲಗಿರುತ್ತವೆ.

ಭಾಲ್ಕಿಗೆ ಹೋದೆ. ಆ ಹೊತ್ತಿಗೆ ಹೊಸ ಸಾಹೇಬರು ಬಂದಿದ್ದರು. ಕೂತುಕೊಳ್ಳಿ ಎಂದರು, ಚಹಾ ತರಿಸಿದರು, ಪೂರಾ ಕೇಳಿದರು.

"ಹಂಗಾದ್ರ ಕಂಬ ತಪ್ಪು ಅಂತ ನಿಮಗ ಹ್ಯಾಂಗ ಗೊತ್ತಾತು?"

"ಸೈಕಲ್ ಹ್ಯಾಂಡಲ್ ಸಾರ್. ಮೂರಕ್ಕ ಬರ್ತಿತ್ತು, ಈಗ ಎರಡೂವರೆಗೆ ಬರ್ತದ."

ಅವರು ನಗಲಿಲ್ಲ, ಅದು ಅವರ ಒಳ್ಳೆಯತನ. ಪಕ್ಕದ ಗುಮಾಸ್ತ ನಕ್ಕನು. "ಬಾಯಿಯವ್ರ, ಗಾಲ್ಯಾಗ ಹವಾ ಕಮ್ಮಿ ಆಗಿರ್ಬೇಕು ನೋಡ್ರಿ!"

"ಅರ್ಧ ಮೀಟರ್ ಹವಾ ಹ್ವಾದ್ರ ಸೈಕಲ್ ಎಲ್ಲಿ ಉಳಿತದಪ್ಪಾ?" ಎಂದೆ.

ಸಾಹೇಬರು ಬೀದರಿಗೆ ಬರೆಯಿರಿ ಎಂದರು. ಬರೆದೆ. ಎರಡು ವಾರ ಕಾದು, ಬಸ್ಸು ಹಿಡಿದು ಬೀದರಿಗೇ ಹೋದೆ. ಅಲ್ಲಿನವರು ನಕ್ಷೆ ಹರಡಿ ಬಹಳ ಹೊತ್ತು ಬೆರಳಾಡಿಸಿ, ಆ ದಂಡೆಯ ಕಂಬಗಳ ದುರಸ್ತಿ ಔರಾದ್ ಕಡೆಯವರದು, ಅವರನ್ನು ಕೇಳಿ ಎಂದರು. ಔರಾದಿಗೆ ಹೋದೆ. ಅಲ್ಲಿ ಒಬ್ಬರು ಊಟಕ್ಕೆ ಹೋಗಿದ್ದರು; ಬಂದ ಮೇಲೆ ಕಂಬ ಯಾವ ದಂಡೆಗಿದೆ ಎಂದು ಕೇಳಿದರು. "ಭಾಲ್ಕಿ ದಂಡಿಗೆ" ಎಂದೆ. "ಮತ್ತ ಭಾಲ್ಕಿಗೆ ಹೋಗ್ರಿ! ನದಿ ದಾಟಿ ನಾವ್ಯಾಕ ಬರೋಣ?" ಎಂದರು. ಮೂರು ಊರು, ಮೂರು ಬಸ್ಸು, ಒಂದು ಕಂಬ. ಯಾರೂ ನನ್ನನ್ನು ಬೈಯಲಿಲ್ಲ, ಎಲ್ಲರೂ ಕುರ್ಚಿ ಕೊಟ್ಟರು. ನೀರೂ ಕೊಟ್ಟರು. ಬೈದಿದ್ದರೆ ನನಗೂ ಒಂದು ಮಾತು ಆಡಲು ಬರುತ್ತಿತ್ತೇನೋ.

ಮುಂಗಾರು ಶುರುವಾದ ಮೇಲೆ ಬೀದರಿನಿಂದ ಉತ್ತರ ಬಂತು, ಒಂದೇ ಸಾಲು: 'ಕಂಬದ ಮೇಲೆ ಕಂಡುಬಂದ ಅಂಕಿಯನ್ನೇ ನಮೂದಿಸತಕ್ಕದ್ದು.'

ನಮೂದಿಸೋಣ ಎಂದು ಹೋದರೆ, ಒಂದು ಬೆಳಿಗ್ಗೆ ನಾನು ಹೆದರಿದ್ದೇ ಆಯಿತು. ಮೊದಲ ಕಂಬ ಪೂರ್ತಿ ಮುಳುಗಿತ್ತು. ಎರಡನೆಯ ಕಂಬದ ಬುಡದಲ್ಲಿ ನೀರಿತ್ತು, ಆದರೆ ಅಲ್ಲಿ ಗೆರೆಗಳಿರಲಿಲ್ಲ, ಬೋಳು ಕಬ್ಬಿಣ. ದಿಬ್ಬ ಹತ್ತಿ ಫೋನ್ ಮಾಡಿದೆ.

"ಎಷ್ಟದರಿ?" ಎಂದ ಅದೇ ಗುಮಾಸ್ತ.

"ಓದಲಿಕ್ಕೆ ಗೆರಿನೇ ಇಲ್ಲಪ್ಪಾ. ಎರಡೂ ಕಂಬದ ನಡುವ ನಿಂತದ ನೀರು."

"ಏನರೆ ಒಂದು ಹೇಳ್ರಿ ಬಾಯಿಯವ್ರ. ಇಲ್ಲ ಅಂದ್ರ ಕಂಪ್ಯೂಟರ್ ಮುಂದಕ್ಕ ಹೋಗಂಗಿಲ್ಲ."

ದಿಬ್ಬದಿಂದ ಇಳಿದು ಬಂದು ಆ ಬೋಳು ಕಬ್ಬಿಣವನ್ನು ನೋಡುತ್ತ ಕೂತಿದ್ದಾಗ ನನಗೆ ಸಿಸ್ಟರ್ ಹೇಳಿದ ಉಬ್ಬರವಿಳಿತ ನೆನಪಾಯಿತು. ರಿಜಿಸ್ಟರ್ ತೆಗೆದು ಬರೆದೆ. ನೀರಿನ ಮಟ್ಟ ಎಂಬಲ್ಲಿ, ಕಂಬದ ಮೇಲೆ ಕಂಡದ್ದು: ಎರಡು ಮೀಟರು. ಉಬ್ಬರ / ಇಳಿತ ಎಂಬಲ್ಲಿ, ನಾನು ಮೊಳಕೋಲಿನಿಂದ ಅಳೆದದ್ದು: ಉಬ್ಬರ, ಮೂವತ್ತು ಸೆಂಟಿಮೀಟರ್. ಅಂದಿನಿಂದ ಕಂಬದ ಮಾತು ಒಂದು ಕಾಲಮಿನಲ್ಲಿ, ನನ್ನ ಮಾತು ಇನ್ನೊಂದರಲ್ಲಿ. ನೀರು ಎರಡನೆಯ ಕಂಬದ ಗೆರೆಗಳನ್ನು ಮುಟ್ಟಿದ ದಿನವೆಲ್ಲ ಉಬ್ಬರ ಐವತ್ತು. ಯಾರೂ ಕೇಳಲಿಲ್ಲ. ಭಾಲ್ಕಿ ತಾಲ್ಲೂಕಿಗೆ ಸಮುದ್ರ ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ಮಳೆಗಾಲದ ಕೊನೆಯ ಹೊತ್ತಿಗೆ, ಎರಡು ದಿನ ಜಡಿಮಳೆ ಹಿಡಿದು ಮೂರನೆಯ ದಿನ ನಮ್ಮಲ್ಲಿ ಆಕಾಶ ತೊಳೆದಿಟ್ಟ ತಾಟಿನಂತಿತ್ತು. ಮೇಲೆ ಮಹಾರಾಷ್ಟ್ರದ ಕಡೆ ಇನ್ನೂ ಸುರಿಯುತ್ತಿತ್ತೆಂದು ಆಮೇಲೆ ಗೊತ್ತಾಯಿತು. ದಂಡೆಗೆ ಇಳಿದಾಗ ಆರಕ್ಕೆ ಐದು ನಿಮಿಷ. ನೀರಿನ ಬಣ್ಣ ಚಹಾದಿಂದ ಕೆಂಪು ಮಣ್ಣಿಗೆ ತಿರುಗಿತ್ತು. ಮೇಲೆ ಜೋಳದ ದಂಟು, ಬೇರು ಸಮೇತ ಒಂದು ಬದನೆ ಗಿಡ, ಕಾಯಿ ಇನ್ನೂ ಅದರಲ್ಲೇ. ಕಂಬ ಎರಡು ನಲವತ್ತು ಎನ್ನುತ್ತಿತ್ತು. ಅಂದರೆ ನಿಜವಾಗಿ ಎರಡು ತೊಂಬತ್ತು. ನಾನು ನೋಡುತ್ತ ನಿಂತ ಹತ್ತು ನಿಮಿಷದಲ್ಲಿ ನಾಲ್ಕು ಗೆರೆ ಮುಳುಗಿದವು.

ದಿಬ್ಬಕ್ಕೆ ಓಡಿದೆ. "ಕಂಬ ಎರಡು ನಲವತ್ನಾಕು. ಖರೆ ನೀರು ಎರಡು ತೊಂಬತ್ನಾಕು. ಇನ್ನೂ ಏರ್ಲತ್ತದ. ಎರಡೂ ಬರ್ಕೊ. ಕೇಳಿಸ್ತೇನು? ಎರಡೂ" ಎಂದೆ. "ಬರ್ಕೊಂಡೆ ಬರ್ಕೊಂಡೆ" ಎಂದ.

ಏರಿಯ ಮೇಲೆ ಸೈಕಲ್ ಎಷ್ಟು ಜೋರಾಗಿ ಬಿಟ್ಟೆನೆಂದರೆ ಕಂದು ಸೀರೆಯ ಸೆರಗು ಚೈನಿಗೆ ಸಿಕ್ಕು ಒಂದು ಗೇಣು ಅಲ್ಲೇ ಉಳಿಯಿತು. ಹೊರಳಿನ ಹತ್ತಿರ ಮೂರು ಗಂಟೆ ಬಾರಿಸಿದೆ. ಮತ್ತೆ ಮೂರು. ಬೀರಪ್ಪ ಎದ್ದು ನಿಂತಿದ್ದ, ಮಾಳವ್ವ ಬಲೆಯ ಗೂಟ ಕೀಳುತ್ತಿದ್ದಳು. ಆದರೆ ಅವರ ಮುಂದೆ ಹೊಲದ ಮಾಲಕ ಶಿವರಾಜಪ್ಪನವರು ಅಡ್ಡ ನಿಂತಿದ್ದರು, ಕೈಯಲ್ಲಿ ಮೊಬೈಲು. ಆ ಹೊರಳಿನಲ್ಲಿ ನೆಟ್‌ವರ್ಕ್ ಸಿಗುತ್ತದೆ.

"ವೈನಿಯವ್ರ, ಸುಮ್ನ ಯಾಕ ಗಂಟಿ ಹೊಡಿಲತ್ತೀರಿ? ಈಗಷ್ಟೇ ಆಫೀಸಿಂದು ಮೆಸೇಜ್ ಬಂದದ. ನೋಡ್ರಿ. ಎರಡು ನಲವತ್ನಾಕು, ಅಪಾಯ ಇಲ್ಲ."

ನಾನು ಹೇಳಿದ ಎರಡು ಅಂಕಿಗಳಲ್ಲಿ ಒಂದು ನನಗಿಂತ ಮೊದಲೇ ಬಂದು ನನ್ನೆದುರಿಗೆ ನಿಂತಿತ್ತು.

"ಆ ಕಂಬ ತಪ್ಪದರಿ ಶಿವರಾಜಪ್ಪನವ್ರ. ಅದಕ್ಕ ಅರ್ಧ ಮೀಟರ್ ಕೂಡಸ್ಬೇಕು."

"ಸರ್ಕಾರದ ಕಂಬ ತಪ್ಪು, ನಿಮ್ಮ ಸೈಕಲ್ ಖರೆ? ಭಾಲ್ಕ್ಯಾಗ ಎಲ್ಲರೂ ನಗ್ತಾರಂತ, ನನಗೂ ಗೊತ್ತದ." ಅವರು ಬೀರಪ್ಪನ ಕಡೆ ತಿರುಗಿದರು. "ಒಂಬತ್ತು ರಾತ್ರಿ ಅಂತ ಮಾತಾಗ್ಯದ. ಇನ್ನಾ ಎರಡು ಉಳಿದಾವ. ಆ ಕಡಿ ತುಕಡಿ ಹಂಗೇ ಬಿಟ್ಟು ಹೊಂಟಿ ಅಂದ್ರ ಬರೋ ವರ್ಷ ನಿನ್ನ ಕರಿಯಂಗಿಲ್ಲ ನೋಡು."

ಅದು ಸಣ್ಣ ಮಾತಲ್ಲ. ಗೊತ್ತುಮಾಡಿದ ರಾತ್ರಿಗಳನ್ನು ಮುರಿದ ಕುರುಬನನ್ನು ಆ ದಂಡೆಯಲ್ಲಿ ಬೇರೆಯವರೂ ಕರೆಯುವುದಿಲ್ಲ. ಮೇಲಾಗಿ ಎರಡು ಕುರಿ ಅಂದು ಈಯುವ ಹಂತದಲ್ಲಿದ್ದವು. ಎಬ್ಬಿಸಿ ಏರಿ ಹತ್ತಿಸುವುದೆಂದರೆ ಕೈಯಾರೆ ಹೊತ್ತೇ ಹತ್ತಿಸಬೇಕು. ಬೀರಪ್ಪ ಮೊಬೈಲ್ ನೋಡಿದ, ನದಿ ನೋಡಿದ, ನನ್ನನ್ನು ನೋಡಿದ. ಹೊಲದಿಂದ ನದಿ ಇನ್ನೂ ಇಪ್ಪತ್ತು ಹೆಜ್ಜೆ ಆಚೆ, ಸಾಧುವಾಗಿ ಹರಿಯುತ್ತಿತ್ತು. ಅವನ ಕಣ್ಣಲ್ಲಿ ಏಳು ಮರಿ ಇದ್ದವೆಂದು ನನಗೆ ಅನ್ನಿಸಿತು. ಅವು ನನ್ನ ಗಂಟೆಯನ್ನು ನಂಬಿ ಹೋದವು. ಇಂದು ನನ್ನ ಮಾತನ್ನು ನಂಬು ಎಂದು ಯಾವ ಬಾಯಿಂದ ಹೇಳಲಿ?

"ಬೀರಪ್ಪಾ, ಇವತ್ತು ನಾ ಹೋಗಿ ನೋಡಿ ಬಂದೀನಿ" ಎಂದೆ.

"ಮಾಲಕ್ರ," ಎಂದ ಅವನು, "ನಿಮ್ಮ ಮೆಸೇಜ್ ಕಳಸಿದವ್ರು ಎಲ್ಲಿ ಕೂತಾರ್ರಿ?"

"ಭಾಲ್ಕ್ಯಾಗ."

"ವೈನಿ ಕಾಲಿಗೆ ಹಸಿ ಕೆಸರದ." ಬಗ್ಗಿ ಒಂದು ಬಸಿರು ಕುರಿಯನ್ನು ಹೆಗಲಿಗೆ ಎತ್ತಿಕೊಂಡ. "ಮಾಳೀ, ಬಲಿ ಬಿಚ್ಚ."

ಶಿವರಾಜಪ್ಪನವರು ಗೊಣಗುತ್ತಲೇ ಇದ್ದರು. ಇನ್ನೊಂದು ಬಸಿರು ಕುರಿಯನ್ನು ನಾನು ಸೈಕಲ್ಲಿನ ಕ್ಯಾರಿಯರಿಗೆ ಹೇರಿ, ಒಂದು ಕೈಯಲ್ಲಿ ಅದರ ಹೊಟ್ಟೆ ಹಿಡಿದು ತಳ್ಳಿದೆ. ದಾರಿಯುದ್ದಕ್ಕೂ ಅದು ನನ್ನ ಕಿವಿಯಲ್ಲಿ ಅರಚಿತು. ಆ ನಾಯಿ ಅಂದೂ ನನ್ನ ಹಿಂದಿನ ಗಾಲಿ ಕಚ್ಚಲು ಬಂತು. ಕೊನೆಯ ಮರಿ ಏರಿ ಮುಟ್ಟಿ ಒಂದು ಚಹಾದ ಹೊತ್ತು ಆಗಿರಬಹುದು. ಸದ್ದಿಲ್ಲದೆ, ಯಾರೋ ಸೆರಗು ಎಳೆದುಕೊಂಡ ಹಾಗೆ ನೀರು ಹೊಲದ ಮೇಲೆ ಬಂತು. ಮೊದಲು ಬಲೆಯ ಗೂಟದ ಕುಳಿಗಳು ತುಂಬಿದವು, ಆಮೇಲೆ ಒಲೆಯ ಮೂರು ಕಲ್ಲು ಮುಳುಗಿದವು. ಶಿವರಾಜಪ್ಪನವರ ಮೊಬೈಲ್ ಟಣ್ ಎಂದಿತು. ಅವರು ನೋಡಿದರು, ಜೇಬಿಗೆ ಹಾಕಿದರು. ಮುಂದಿನ ವರ್ಷ ಅದೇ ಹೊಲಕ್ಕೆ ಬೀರಪ್ಪನನ್ನೇ ಕರೆದರು. ಆ ಬೆಳಗಿನ ಮಾತು ಮಾತ್ರ ಇಂದಿಗೂ ಎತ್ತುವುದಿಲ್ಲ.

ಹೊಗಳಿಕೆ ಬಂತೇ ಎಂದು ಕೇಳುತ್ತೀರಿ. ನೋಟೀಸು ಬಂತು. 'ಉಬ್ಬರವಿಳಿತದ ಕಾಲಮಿನಲ್ಲಿ ಅನಗತ್ಯ ಅಂಕಿಗಳನ್ನು ನಮೂದಿಸಿರುವ ಬಗ್ಗೆ ಏಳು ದಿನಗಳಲ್ಲಿ ವಿವರಣೆ ನೀಡತಕ್ಕದ್ದು.' ಕೊನೆಗೂ ಯಾರೋ ಓದಿದ್ದರು! ನಾನು ಮೂರು ಪುಟ ಬರೆದು ಹರಿದುಹಾಕಿದೆ. ನಾಲ್ಕನೆಯ ಸಲ ಬರೆದದ್ದು ಎರಡು ಸಾಲು: ಕಂಬ ಅರ್ಧ ಮೀಟರು ಮೇಲೆ ನಿಂತಿದೆ. ದಯವಿಟ್ಟು ಒಮ್ಮೆ ಬಂದು ನೋಡಿ.

ಬಂದರು. ಸಾಹೇಬರೇ ಅಳತೆಯ ದುರ್ಬೀನು ತಂದು ಅರ್ಧ ದಿನ ಅಳೆದರು. ಐವತ್ತೊಂದು ಸೆಂಟಿಮೀಟರ್ ಬಂತು. "ಮೇಡಂ, ನಿಮ್ಮ ಹ್ಯಾಂಡಲ್ ಒಂದು ಸೆಂಟಿಮೀಟರ್ ತಪ್ಪದ ನೋಡ್ರಿ" ಎಂದರು. "ಹವಾ ಕಮ್ಮಿ ಇರ್ಬೇಕು ಸಾರ್" ಎಂದೆ. ಮುಂದಿನ ಬೇಸಿಗೆಯಲ್ಲಿ ಕರಿಕಲ್ಲು ಒಡೆದು ಕಂಬ ಸರಿಯಾಗಿ ನೆಟ್ಟರು. ಆ ನಾಲ್ಕನೆಯ ಕಾಲಂ ಈಗಲೂ ಇದೆ.

ಹೋದ ವರ್ಷ ಮಳೆಗಾಲದ ನಡುವೆಯೇ ನಿವೃತ್ತಳಾದೆ. ನನ್ನ ಜಾಗಕ್ಕೆ ಸವಿತಾ ಬಂದಳು, ಕಮಠಾಣದ ಹುಡುಗಿ, ಡಿಗ್ರಿ ಮುಗಿಸಿದವಳು. ನಮ್ಮೂರಲ್ಲೇ ಖೋಲಿ ಹಿಡಿದಿದ್ದಾಳೆ. ಜಾಣೆ, ಚುರುಕು. ಸ್ಕೂಟಿಯಲ್ಲಿ ಹೋಗುತ್ತಾಳೆ. ಒಂದು ವಾರ ಅವಳ ಜೊತೆ ಹೋಗಿ ಎಲ್ಲ ತೋರಿಸಿದೆ: ಕಂಬ, ದಿಬ್ಬ, ನಾಯಿ, ಉಬ್ಬರ ಇಲ್ಲವೆಂದು ಬರೆಯುವುದು. ಏರಿಯ ಮೇಲೆ ಬರುವಾಗ ಗಂಟೆ ನಾನೇ ಬಾರಿಸುತ್ತಿದ್ದೆ, ಅವಳು ಹಿಂದಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದಳು. ಎಲ್ಲ ಹೇಳಿದ್ದೇನೆ ಎಂದುಕೊಂಡೆ.

ನಿವೃತ್ತಿಯ ಮೊದಲ ಬೆಳಿಗ್ಗೆ, ಮದುವೆಯಾದಂದಿನಿಂದ ಮೊದಲ ಸಲ, ಏಳಕ್ಕೆ ಎದ್ದೆ. ಚಹಾಕ್ಕೆ ಯಾಲಕ್ಕಿ ಕುಟ್ಟುತ್ತಿದ್ದಾಗ ಅಂಗಳದಲ್ಲಿ ನಾಯಿ ಬೊಗಳಿತು. ಆ ನಾಯಿಯೇ. ಹೊರಗೆ ಬಂದರೆ ಬೀರಪ್ಪ, ಮಾಳವ್ವ, ಅವರ ಹಿಂದೆ ರಸ್ತೆ ತುಂಬ ಕುರಿ. ಒಂದು ನನ್ನ ತುಳಸಿಗೆ ಆಗಲೇ ಬಾಯಿ ಹಾಕಿತ್ತು.

"ಏನಾತಪ್ಪಾ? ನೀರು ಬಂತೇನು?"

"ಇಲ್ಲ ವೈನಿ. ನೀರು ಹೊಲದಿಂದ ಎಷ್ಟೋ ಕೆಳಗ ಅದ."

"ಮತ್ತ ಹಿಂಡು ಯಾಕ ಎಬ್ಬಿಸ್ಕೊಂಡು ಬಂದ್ರಿ?"

"ಗಂಟಿ ಕೇಳಲಿಲ್ಲ."

"ಅಯ್ಯ, ನಾ ನಿನ್ನಿಗೆ ರಿಟೈರ್ ಆದೆನಲ್ಲೋ! ಆ ಹುಡುಗಿ ಬಂದಿರ್ಬೇಕಲ್ಲ?"

"ಬಂದಿದ್ಳಕ್ಕಾ," ಎಂದಳು ಮಾಳವ್ವ. "ನೋಡಿದೆವು. ಕೈ ಮಾಡಿ ಹೋದ್ಳು. ಆದ್ರ ಗಂಟಿ ಹೊಡಿಲಿಲ್ಲ."

"ಕಣ್ಣಿಗಿ ಕಾಣಂಗಿಲ್ಲೇನ್ರಿ ನೀರು ಎಲ್ಲದ ಅಂತ?"

ಬೀರಪ್ಪ ತಲೆ ಕೆರೆದುಕೊಂಡ. "ಕಾಣ್ತದ ವೈನಿ. ಆದ್ರ ನೀವೇ ಹೇಳಿದ್ರಿ. ಏನೂ ಕೇಳಲಿಲ್ಲ ಅಂದ್ರ ಮ್ಯಾಲ ಹೊಡೀರಿ ಅಂತ."

ಇಬ್ಬರಿಗೂ ಅಲ್ಲೇ ಕಟ್ಟೆಯ ಮೇಲೆ ಚಹಾ ಕೊಟ್ಟೆ. ತುಳಸಿಯ ಕುರಿಯನ್ನು ಓಡಿಸಿದೆ. ಆಮೇಲೆ ಹಿತ್ತಲಿಗೆ ಹೋಗಿ, ಸ್ಪ್ಯಾನರ್ ಹುಡುಕಿ, ಸೈಕಲ್ಲಿನಿಂದ ಗಂಟೆ ಬಿಚ್ಚಿದೆ. ನಟ್ಟು ತುಕ್ಕು ಹಿಡಿದಿತ್ತು, ಹ್ಯಾಂಡಲ್ಲಿನ ಮೇಲೆ ಅದರಡಿ ಮಾತ್ರ ಹಳೆಯ ನೀಲಿ ಬಣ್ಣ ಹೊಸದಾಗಿತ್ತು. ಸವಿತಾಳ ಖೋಲಿಯ ಮುಂದೆ ಸ್ಕೂಟಿ ನಿಂತಿತ್ತು, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರೆಮಣ್ಣು ಇಟ್ಟಿಗೆಯಾಗಿ. ಅವಳು ಕಡ್ಡಿಯಿಂದ ಅದನ್ನು ಚುಚ್ಚುತ್ತ ಕೂತಿದ್ದಳು.

"ಇದಕ್ಕ ಹಾರ್ನ್ ಅದರಿ ಅಕ್ಕಾ" ಎಂದಳು ಗಂಟೆ ನೋಡಿ.

"ಗೊತ್ತದವ್ವಾ" ಎಂದೆ. "ಅದು ಅವರಿಗೆ ಗೊತ್ತಿಲ್ಲ."

ಕನ್ನಡಿಯ ಕಂಬಿಗೆ ಗಂಟೆ ಕೂಡಿಸಿ ನಟ್ಟು ಬಿಗಿದಳು. ಒಂದು ಸಲ ಬಾರಿಸಿ ನೋಡಿದಳು. ನಮ್ಮ ಓಣಿಯ ತಿರುವಿನಲ್ಲಿ ಕುರಿಗಳು ದಂಡೆಯ ಕಡೆ ಮುಖ ಮಾಡಿದವು.